ಪಿಸಿಬಿಯ ಗೆರೆಗಳು ತುಂಡಾಗುವುದು ದ್ರಾವಣದ ದೋಷವೇ?

ಮನೆಯಲ್ಲಿ ಪಿಸಿಬಿ (ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ತಾಮ್ರದ ಗೆರೆಗಳಿಂದ ಜೋಡಿಸುವ ಬೋರ್ಡ್) ಮಾಡುವಾಗ ಗೆರೆಗಳು ಅಲ್ಲಲ್ಲಿ ತುಂಡಾಗುತ್ತವೆ, ಬೇಡದ ತಾಮ್ರವನ್ನು ಕರಗಿಸುವ ಫೆರಿಕ್ ಕ್ಲೋರೈಡ್ ಬಿಟ್ಟು ಬೇರೆ ದ್ರಾವಣ ಬಳಸಬೇಕೇ ಎಂದು ತಾವು ಕೇಳಿದ್ದೀರಿ. ಡೊಂಬಿವಲಿಯ ಫ್ಲ್ಯಾಟ್‌ನಲ್ಲಿ ಇದೇ ಹವ್ಯಾಸ ಇಟ್ಟುಕೊಂಡಿರುವ ನನ್ನ ಅಭಿಪ್ರಾಯದಲ್ಲಿ ಅದರ ಅಗತ್ಯವಿಲ್ಲ. ಬಹುಮಟ್ಟಿಗೆ ತೊಂದರೆ ಇರುವುದು, ಗೆರೆಗಳ ಮೇಲೆ ಕೂತು ಅವನ್ನು ದ್ರಾವಣದಿಂದ ಕಾಯಬೇಕಾದ ಟೋನರ್ (ಲೇಸರ್ ಪ್ರಿಂಟರ್‌ನ ಪುಡಿ ಶಾಯಿ) ತಾಮ್ರಕ್ಕೆ ಗಟ್ಟಿಯಾಗಿ ಹಿಡಿಯದಿರುವುದರಲ್ಲಿ.

ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಿಂದ ತಂದ ತಾಮ್ರ ಹೊದಿಸಿದ ಬೋರ್ಡ್ ಎಷ್ಟೇ ಹೊಳೆಯುತ್ತಿದ್ದರೂ ಇಲ್ಲಿನ ತೇವದ ಗಾಳಿಗೆ ಅದರ ಮೇಲೆ ತೆಳುವಾದ ಆಕ್ಸೈಡ್ ಪದರ ಕೂತಿರುತ್ತದೆ, ಜೊತೆಗೆ ಬೆರಳಿನ ಜಿಡ್ಡು ಬೇರೆ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಮತ್ತು ಸೋಪಿನಿಂದ ಉಜ್ಜಿ ತೊಳೆದ ಮೇಲೆ ನೀರು ಹನಿಹನಿಯಾಗಿ ಒಡೆಯದೆ ಇಡೀ ತಾಮ್ರದ ಮೇಲೆ ಒಂದೇ ಪೊರೆಯಂತೆ ನಿಂತರೆ ಜಿಡ್ಡು ಹೋಗಿದೆ ಎಂದರ್ಥ. ಅಲ್ಲಿಂದ ಮುಂದೆ ಬೋರ್ಡನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಕಾಗದದ ಮೇಲೆ ತೆಗೆದ ಗೆರೆಗಳ ಮುದ್ರಣ ಲೇಸರ್ ಪ್ರಿಂಟರ್‌ನದೇ ಆಗಿರಬೇಕು, ಏಕೆಂದರೆ ಬಿಸಿಗೆ ಕರಗಿ ಅಂಟುವ ಪ್ಲಾಸ್ಟಿಕ್ ಇರುವುದು ಟೋನರ್‌ನಲ್ಲಿ, ಇಂಕ್‌ಜೆಟ್ ಶಾಯಿಯಲ್ಲಲ್ಲ. ಮುದ್ರಣದ ಬದಿ ತಾಮ್ರಕ್ಕೆ ತಾಗುವಂತೆ ಕಾಗದವನ್ನಿಟ್ಟು, ಇಸ್ತ್ರಿಪೆಟ್ಟಿಗೆಯ ಹಬೆ ಬಂದ್ ಮಾಡಿ, ಅಂಚುಗಳನ್ನೂ ಮರೆಯದೆ ಅದರಿಂದ ಒತ್ತಿ.

ಕಾಗದ ಬಿಡಿಸುವಲ್ಲಿ ಅವಸರ ಸಲ್ಲದು. ಬೋರ್ಡ್‌ನ ಬಿಸಿ ಆರಿದ ಮೇಲೆ ನೀರಿನಲ್ಲಿ ನೆನೆಹಾಕಿ, ಕಾಗದ ಮೆತ್ತಗಾದ ನಂತರ ಹೆಬ್ಬೆರಳಿನಿಂದ ತಿಕ್ಕಿದರೆ ಸುರುಳಿಸುರುಳಿಯಾಗಿ ಬರುತ್ತದೆ. ಗೆರೆಗಳ ನಡುವೆ ಉಳಿದ ಬಿಳಿ ನಾರನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯದಿದ್ದರೆ ಅಲ್ಲಿಗೆ ದ್ರಾವಣ ತಲುಪದೆ ತಾಮ್ರ ಉಳಿದು, ಪಕ್ಕಪಕ್ಕದ ಗೆರೆಗಳು ಕೂಡಿಕೊಂಡು ಶಾರ್ಟ್ ಆಗುತ್ತದೆ. ಟೋನರ್ ಬಿಟ್ಟುಹೋದ ಕಡೆ ಪರ್ಮನೆಂಟ್ ಮಾರ್ಕರ್ ಎಳೆದರೆ ಸಾಕು.

ಸಾಮಾನ್ಯ ಬೋರ್ಡ್‌ನಲ್ಲಿ ತಾಮ್ರದ ದಪ್ಪ ಸುಮಾರು 35 ಮೈಕ್ರಾನ್ ಅಷ್ಟೇ. ದ್ರಾವಣ ಉಗುರುಬೆಚ್ಚಗಿದ್ದು ತಟ್ಟೆಯನ್ನು ಅಲುಗಾಡಿಸುತ್ತಿದ್ದರೆ ಅದು ಬೇಗ ಕರಗುತ್ತದೆ. ಬೇಡದ ತಾಮ್ರ ಹೋದ ಮೇಲೂ ಬೋರ್ಡನ್ನು ಅದರಲ್ಲೇ ಬಿಟ್ಟರೆ ಟೋನರ್‌ನ ಕೆಳಗೆ ಪಕ್ಕದಿಂದ ಕೊರೆತ ಶುರುವಾಗಿ ಸಣ್ಣ ಗೆರೆಗಳು ಮೊದಲು ಹೋಗುತ್ತವೆ. ಆದ್ದರಿಂದ ಜಾಗವಿದ್ದಲ್ಲೆಲ್ಲ ಗೆರೆಯ ಅಗಲವನ್ನು 0.5 ಮಿ.ಮೀ.ಗಿಂತ ಕಡಿಮೆ ಇಡಬೇಡಿ.

ಪುಡಿಯಿಂದ ದ್ರಾವಣ ಮಾಡುವುದಾದರೆ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ನೀರಿಗೆ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ, ತುಂಬಾ ಬಿಸಿಯೇಳುತ್ತದೆ. ಪ್ಲಾಸ್ಟಿಕ್ ತಟ್ಟೆಯೇ ಆಗಬೇಕು, ಸ್ಟೀಲನ್ನೂ ಅದು ತಿನ್ನುತ್ತದೆ. ಬಟ್ಟೆಗೆ ಬಿದ್ದ ಕಲೆಯಂತೂ ಹೋಗುವ ಮಾತೇ ಇಲ್ಲ. ಬಳಸಿದ ದ್ರಾವಣದಲ್ಲಿ ತಾಮ್ರ ಸೇರಿರುವುದರಿಂದ, ಜಲಚರಗಳಿಗೆ ವಿಷವಾಗುವ ಅದನ್ನು ಮೋರಿಗೆ ಸುರಿಯದೆ ಹೆಸರು ಬರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಶಕ್ತಿ ಇರುವವರೆಗೂ ಮತ್ತೆ ಬಳಸಿ, ಕೊನೆಗೆ ರಾಸಾಯನಿಕ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.