ಇನ್‌ಹೇಲರ್ ಬೀರುವಿನಲ್ಲಿ, ಮಗು ಮೈದಾನದಲ್ಲಿ

ಪ್ರಶ್ನೆ: ಮೇಡಂ, ನನ್ನ ಮಗ ನಾಲ್ಕನೇ ಕ್ಲಾಸು. ಆಸ್ತಮಾ ಇದೆ. ಔಷಧಿ ಮಕ್ಕಳ ಹತ್ತಿರ ಇರಬಾರದು ಅನ್ನೋದು ಶಾಲೆಯ ರೂಲ್ಸ್ ಅಂತೆ. ಅವನ ಇನ್‌ಹೇಲರ್ ತೆಗೆದುಕೊಂಡು ಆಫೀಸ್ ರೂಮಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಪಿ.ಟಿ. ಪೀರಿಯಡ್‌ನಲ್ಲಿ ಸುಮ್ನೆ ಕೂರಿಸುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ಆ ಬೀಗ ತೆಗೆಸಿ. ಉಬ್ಬಸ ಶುರುವಾದ ಮೇಲೆ ಟೀಚರ್ ಆಫೀಸಿಗೆ ಓಡಿ, ಕೀ ಯಾರ ಹತ್ತಿರ ಇದೆ ಅಂತ ಹುಡುಕಿ, ಅವರು ಊಟಕ್ಕೆ ಹೋಗಿದ್ದರೆ ಕಾದು ನಿಲ್ಲುವಷ್ಟು ಹೊತ್ತು ಮಗುವಿಗೆ ಇರುವುದಿಲ್ಲ.

ಹೆಡ್‌ಮಾಸ್ಟರ್‌ಗೂ ಭಯ ಇರುತ್ತೆ, ಬೇರೆ ಮಗು ಎಳೆದುಬಿಟ್ಟರೆ ಅಂತ. ಸಾಲ್ಬುಟಮಾಲ್ (ಉಬ್ಬಸ ಬಂದಾಗ ಎಳೆಯುವ ಇನ್‌ಹೇಲರ್‌ನ ಔಷಧಿ) ಒಂದೆರಡು ಪಫ್ ತಪ್ಪಾಗಿ ಒಳಗೆ ಹೋದರೆ ಸ್ವಲ್ಪ ಹೊತ್ತು ಎದೆ ಹೊಡೆದುಕೊಳ್ಳಬಹುದು, ಕೈ ನಡುಗಬಹುದು, ಸಾಮಾನ್ಯವಾಗಿ ಅಷ್ಟೇ. ಬ್ರಿಟನ್‌ನಲ್ಲಿ 2014ರ ಅಕ್ಟೋಬರ್‌ನಿಂದ ಶಾಲೆಗಳೇ ಡಾಕ್ಟರ್ ಚೀಟಿ ಇಲ್ಲದೆ ಈ ಇನ್‌ಹೇಲರ್ ಕೊಂಡು ತುರ್ತಿಗೆ ಇಟ್ಟುಕೊಳ್ಳಬಹುದು. ಇದನ್ನು ಅವರಿಗೆ ಹೇಳಿ.

ಬರೀ ಬಾಯಿಮಾತಿನಲ್ಲಿ ಬಿಡಬೇಡಿ. ಒಂದು ಹಾಳೆಯಲ್ಲಿ ಮಗನ ಫೋಟೋ, ಡಾಕ್ಟರ್ ಬರೆದ ಡೋಸ್, ನಿಮ್ಮ ಫೋನ್ ನಂಬರ್, ಒಪ್ಪಿಗೆಯ ಸಹಿ ಇರಲಿ. ಇನ್‌ಹೇಲರ್ ಅವನ ಬ್ಯಾಗಿನಲ್ಲಿ, ಇನ್ನೊಂದು ಆಫೀಸಿನಲ್ಲಿ, ಬೀಗವಿಲ್ಲದ ಜಾಗದಲ್ಲಿ. ಮೈದಾನಕ್ಕೆ, ಟೂರ್‌ಗೆ ಹೋದರೂ ಅದು ಜೊತೆಗೇ ಹೋಗಬೇಕು. ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುತ್ತಾರೆ ಅನ್ನೋದೂ ಅದರಲ್ಲೇ ಬರೆದಿರಲಿ.

ಟೀಚರ್‌ಗಳಿಗೆ ಒಮ್ಮೆ ಮಾಡಿ ತೋರಿಸಿ. ಮಗುವನ್ನು ಮಲಗಿಸಬಾರದು, ನೆಟ್ಟಗೆ ಕೂರಿಸಬೇಕು. ಇನ್‌ಹೇಲರ್ ಚೆನ್ನಾಗಿ ಅಲ್ಲಾಡಿಸಿ ಸ್ಪೇಸರ್‌ಗೆ (ಇನ್‌ಹೇಲರ್‌ಗೂ ಬಾಯಿಗೂ ನಡುವೆ ಹಿಡಿಯುವ ಪ್ಲಾಸ್ಟಿಕ್ ಡಬ್ಬಿ) ಸಿಕ್ಕಿಸಿ ಒಂದು ಪಫ್ ಒತ್ತಿ, ಅವನು ನಾಲ್ಕು ಸಲ ಉಸಿರಾಡಲಿ, ಆಮೇಲೆ ಇನ್ನೊಂದು, ಹೀಗೆ ನಾಲ್ಕು ಪಫ್. ಸ್ಪೇಸರ್ ಇಲ್ಲದಿದ್ದರೆ ಔಷಧಿ ಬಹುಪಾಲು ಗಂಟಲಲ್ಲೇ ಉಳಿದುಬಿಡುತ್ತೆ. ನಾಲ್ಕು ನಿಮಿಷ ನೋಡಿ, ಕಡಿಮೆ ಆಗದಿದ್ದರೆ ಮತ್ತೆ ನಾಲ್ಕು. ಆಗಲೂ ಕಡಿಮೆ ಆಗಲಿಲ್ಲ ಅಂದರೆ 108ಕ್ಕೆ ಫೋನ್. ಮಾತಾಡಲು ಆಗುತ್ತಿಲ್ಲ, ತುಟಿ ನೀಲಿಯಾಗಿದೆ ಅಂದರೆ ಕಾಯುವುದೇ ಬೇಡ, ಆಗಲೇ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೂ ಪಫ್ ಕೊಡುತ್ತಲೇ ಇರಬೇಕು.

ಆಟ ಬಿಡಿಸಬೇಡಿ, ಅದು ಮಗುವಿಗೆ ಶಿಕ್ಷೆ ಕೊಟ್ಟ ಹಾಗೆ. ಓಡಿದಾಗ ಉಸಿರು ಕಟ್ಟುತ್ತೆ ಅಂದರೆ ಆಟಕ್ಕೆ ಮುಂಚೆ ಪಫ್ ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ಅದನ್ನು ಬಿಟ್ಟು ವಾರಕ್ಕೆ ಎರಡಕ್ಕಿಂತ ಜಾಸ್ತಿ ಸಲ ಬೇಕಾಗುತ್ತಿದ್ದರೆ ಕಾಯಿಲೆ ಹತೋಟಿಯಲ್ಲಿಲ್ಲ ಅಂತಲೇ ಅರ್ಥ, ಮನೆಯಲ್ಲಿ ದಿನಾ ತೆಗೆದುಕೊಳ್ಳುವ ಔಷಧಿ ತಪ್ಪುತ್ತಿದೆಯಾ ನೋಡಿ.

ಕಸ ಗುಡಿಸುವುದು ಮಕ್ಕಳು ಬರುವ ಮುಂಚೆ ಮುಗಿಯಲಿ, ಶಾಲೆ ಹಿಂದೆ ಎಲೆ ಸುಡುವುದು ನಿಲ್ಲಲಿ, ಪಾರ್ಥೇನಿಯಂ ಕೀಳಿಸಲಿ. ಇದನ್ನೂ ಆ ಪತ್ರದಲ್ಲೇ ಸೇರಿಸಿ ಕೊಡಿ, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.