ಓದುಗರ ಪ್ರಶ್ನೆ: ಚಪ್ಪಟೆ ಭೂಮಿಯ ವಾದಕ್ಕೆ ಒಂದು ಕೋಲು, ಒಂದು ನೀರಿನ ಪೈಪು

ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಮೊಬೈಲಿನಲ್ಲಿ ಹರಿದಾಡುತ್ತಿರುವ ‘ಭೂಮಿ ಚಪ್ಪಟೆ’ ವಿಡಿಯೊಗಳು. ಬಾಹ್ಯಾಕಾಶದ ಫೋಟೊ ತೋರಿಸಿದರೆ ‘ಅದು ಕಂಪ್ಯೂಟರಿನಲ್ಲಿ ಮಾಡಿದ್ದು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಾಗಾಗಿ ಇಲ್ಲಿನ ಉತ್ತರಗಳಲ್ಲಿ ಫೋಟೊದ ಮಾತೇ ಇಲ್ಲ. ಅಂಗಳದಲ್ಲಿ, ಬೆಟ್ಟದ ಮೇಲೆ ನೀವೇ ಅಳೆದು ನೋಡಬಹುದಾದದ್ದನ್ನೇ ಆರಿಸಿಕೊಂಡಿದ್ದೇವೆ.

ಎರಡು ಊರುಗಳಲ್ಲಿ ಕೋಲು ನೆಟ್ಟು ಮಧ್ಯಾಹ್ನದ ನೆರಳು ಅಳೆದರೆ ಭೂಮಿ ದುಂಡಗಿರುವುದು ಗೊತ್ತಾಗುತ್ತದೆ ಎಂದು ತರಗತಿಯಲ್ಲಿ ಹೇಳಿದೆ. ಒಬ್ಬ ಹುಡುಗ ಎದ್ದು ನಿಂತು, ‘ಭೂಮಿ ಚಪ್ಪಟೆಯಾಗಿದ್ದು ಸೂರ್ಯ ಹತ್ತಿರ ಇದ್ದರೂ ನೆರಳು ಬೇರೆ ಬೇರೆಯೇ ಬರುತ್ತದಲ್ಲ ಮಿಸ್’ ಎಂದ. ಏನು ಹೇಳಲಿ?
– ಶಿಕ್ಷಕಿ, ಗೋಣಿಕೊಪ್ಪ

ಹುಡುಗ ಹೇಳಿದ್ದು ಸರಿ. ಮೊದಲು ಅದನ್ನು ತರಗತಿಯಲ್ಲೇ ಒಪ್ಪಿಕೊಳ್ಳಿ. ಪ್ರಾಚೀನ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಈಜಿಪ್ಟಿನಲ್ಲಿ ನೆರಳು ಅಳೆದದ್ದು ಭೂಮಿ ದುಂಡಗಿದೆ, ಸೂರ್ಯ ಬಹಳ ದೂರದಲ್ಲಿದೆ ಎಂದು ಮೊದಲೇ ಒಪ್ಪಿಕೊಂಡು. ಅವನು ಕಂಡುಹಿಡಿದದ್ದು ಭೂಮಿಯ ಅಳತೆಯನ್ನು, ಆಕಾರವನ್ನಲ್ಲ. ಎರಡು ನೆರಳುಗಳನ್ನು ಚಪ್ಪಟೆ ನೆಲ, ಹತ್ತಿರದ ಸೂರ್ಯ ಇಟ್ಟುಕೊಂಡೂ ಹೊಂದಿಸಬಹುದು. ಮೂರನೆಯ ಕೋಲು ನೆಟ್ಟಾಗ ಮಾತ್ರ ಆ ಲೆಕ್ಕ ಕೆಡುತ್ತದೆ.

ಮಡಿಕೇರಿ, ಬೀದರ್, ದೆಹಲಿ ತೆಗೆದುಕೊಳ್ಳಿ. ಉತ್ತರದಲ್ಲಿ ನೌಕರಿ ಮಾಡುವ ಸೈನಿಕ ನೆಂಟರಿಲ್ಲದ ಮನೆ ಕೊಡಗಿನಲ್ಲಿ ಕಡಿಮೆ, ದೆಹಲಿಯ ಕೋಲಿಗೆ ಜನ ಸಿಕ್ಕೇ ಸಿಗುತ್ತಾರೆ. ಡಿಸೆಂಬರ್ 21 ಅಥವಾ 22ರಂದು ನಡುಹಗಲಿನಲ್ಲಿ 100 ಸೆಂ.ಮೀ. ಕೋಲಿನ ನೆರಳು ಮಡಿಕೇರಿಯಲ್ಲಿ 72.3 ಸೆಂ.ಮೀ., ಬೀದರಿನಲ್ಲಿ 88 ಸೆಂ.ಮೀ., ದೆಹಲಿಯಲ್ಲಿ 128.2 ಸೆಂ.ಮೀ. ಬರಬೇಕು. ನೇರ ಉತ್ತರ–ದಕ್ಷಿಣ ಅಂತರ ಮಡಿಕೇರಿಯಿಂದ ಬೀದರಿಗೆ ಸುಮಾರು 607 ಕಿ.ಮೀ., ಬೀದರಿನಿಂದ ದೆಹಲಿಗೆ ಸುಮಾರು 1,185 ಕಿ.ಮೀ. ಬಸ್ಸಿನ ದೂರ ಹಾಕಿಬಿಡಬೇಡಿ, ಲೆಕ್ಕ ಪೂರ್ತಿ ಹಾಳಾಗುತ್ತದೆ.

ಈಗ ಹುಡುಗನ ಮಾತನ್ನೇ ನಿಜವೆಂದುಕೊಂಡು ಚಪ್ಪಟೆ ನೆಲದ ಲೆಕ್ಕ ಮಾಡಿಸಿ. ಸೂರ್ಯನ ಎತ್ತರ ಎಂದರೆ ಊರುಗಳ ಅಂತರವನ್ನು ನೆರಳುಗಳ ವ್ಯತ್ಯಾಸದಿಂದ (ಮೀಟರಿನಲ್ಲಿ) ಭಾಗಿಸಿದ್ದು. ಮಡಿಕೇರಿ–ಬೀದರ್ ಜೋಡಿಗೆ 607ನ್ನು 0.157ರಿಂದ ಭಾಗಿಸಿದರೆ ಸುಮಾರು 3,860 ಕಿ.ಮೀ. ಬೀದರ್–ದೆಹಲಿ ಜೋಡಿಗೆ 1,185ನ್ನು 0.402ರಿಂದ ಭಾಗಿಸಿದರೆ ಸುಮಾರು 2,950 ಕಿ.ಮೀ. ಒಂದೇ ದಿನ, ಒಂದೇ ಸೂರ್ಯ, ಎತ್ತರ ಮಾತ್ರ ಎರಡು. ಇದು ಅಳತೆಯ ತಪ್ಪು ಎನ್ನುವಂತಿಲ್ಲ, ಎರಡೂ ಎತ್ತರ ಒಂದಾಗಬೇಕಾದರೆ ಮಡಿಕೇರಿ–ಬೀದರ್ ನೆರಳಿನ ವ್ಯತ್ಯಾಸದಲ್ಲಿ ಸುಮಾರು 5 ಸೆಂ.ಮೀ. ಏರುಪೇರಾಗಬೇಕು.

ಅದೇ ನೆರಳುಗಳನ್ನು ಕೋನಕ್ಕೆ ತಿರುಗಿಸಿ (ಕ್ಯಾಲ್ಕುಲೇಟರಿನಲ್ಲಿ ಟ್ಯಾನ್‌ನ ವಿಲೋಮ): 35.86, 41.35, 52.05 ಡಿಗ್ರಿ. ಮೊದಲ ಜೋಡಿಯಲ್ಲಿ ಒಂದು ಡಿಗ್ರಿಗೆ 110.6 ಕಿ.ಮೀ., ಎರಡನೆಯದರಲ್ಲಿ 110.7 ಕಿ.ಮೀ. 360ರಿಂದ ಗುಣಿಸಿದರೆ ಎರಡೂ ಕಡೆ 40,000 ಕಿ.ಮೀ.ಗೆ ತೀರ ಹತ್ತಿರ. ದುಂಡು ಭೂಮಿಯ ಲೆಕ್ಕ ಯಾವ ಜೋಡಿ ಹಿಡಿದರೂ ಒಂದೇ ಉತ್ತರ ಕೊಡುತ್ತದೆ.

ನೆರಳಿನ ಪ್ರಯೋಗವನ್ನು ನಮ್ಮ ಕಾಫಿ ಕಣದಲ್ಲಿ ಮಾಡಬಹುದೇ? ಹೋದ ವರ್ಷ ಮಾಡಿದಾಗ ಎರಡು ಸೆಂ.ಮೀ. ತಪ್ಪು ಬಂತು.
– ಬೆಳೆಗಾರರು, ಸೋಮವಾರಪೇಟೆ

ಕಣ ನೋಡಲು ಸಮತಟ್ಟು, ನಿಜಕ್ಕೂ ಅಲ್ಲ. ಮಳೆನೀರು ನಿಲ್ಲಬಾರದೆಂದು ಕಟ್ಟುವಾಗಲೇ ಇಳಿಜಾರು ಕೊಟ್ಟಿರುತ್ತಾರೆ. 100ಕ್ಕೆ 1ರಷ್ಟು ಇಳಿಜಾರು ಉತ್ತರ–ದಕ್ಷಿಣಕ್ಕಿದ್ದರೆ, ಕೋಲು ಸರಿಯಾಗಿ ನೆಟ್ಟಗಿದ್ದಾಗಲೂ ನೆರಳು ಅರ್ಧ ಸೆಂ.ಮೀ. ತಪ್ಪುತ್ತದೆ. ಕೋಲನ್ನು ಮೂಲೆಮಟ್ಟ ಹಿಡಿದು ಕಣಕ್ಕೆ ಲಂಬವಾಗಿ ನಿಲ್ಲಿಸಿದ್ದರೆ ಒಂದೂವರೆ ಸೆಂ.ಮೀ. ನಿಮ್ಮ ತಪ್ಪಿನ ಬಹುಪಾಲು ಅಲ್ಲೇ ಇರಬೇಕು. ಡಿಸೆಂಬರಿನಲ್ಲಿ ಕಣದ ತುಂಬ ಕಾಫಿ ಹರಡಿರುವುದೂ ಉಂಟಲ್ಲ, ಕಣವನ್ನು ಬಿಟ್ಟುಬಿಡಿ. 4 ಅಡಿ ಉದ್ದದ ಪ್ಲೈವುಡ್ ಹಲಗೆ ಹಾಸಿ, ಕೆಳಗೆ ಚಕ್ಕೆ ಕೊಟ್ಟು, ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ಮಟ್ಟ ಮಾಡಿಕೊಳ್ಳಿ.

ಇನ್ನೊಂದು ತಪ್ಪು ನೆರಳಿನ ತುದಿಯಲ್ಲಿದೆ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಅದಕ್ಕೇ ಒಂದು ಮೀಟರ್ ಕೋಲಿನ ನೆರಳಿನ ತುದಿ ಒಂದು ಸೆಂ.ಮೀ.ಗಿಂತ ಹೆಚ್ಚು ಮಸುಕಾಗಿರುತ್ತದೆ. ‘ಇಲ್ಲಿ ಮುಗಿಯಿತು’ ಎಂದು ಒಬ್ಬೊಬ್ಬರು ಒಂದೊಂದು ಕಡೆ ಗೆರೆ ಎಳೆಯುತ್ತಾರೆ. ಕೋಲಿನ ಬದಲು ದಪ್ಪ ರಟ್ಟಿನ ತುಂಡಿಗೆ 3–4 ಮಿ.ಮೀ. ತೂತು ಕೊರೆದು, ತೂತು ಹಲಗೆಯಿಂದ ಸರಿಯಾಗಿ 100 ಸೆಂ.ಮೀ. ಮೇಲಿರುವಂತೆ ಸ್ಟೂಲಿಗೆ ಕಟ್ಟಿ. ಹಲಗೆಯ ಮೇಲೆ ಒಂದು ಸೆಂ.ಮೀ.ಗಿಂತ ತುಸು ದೊಡ್ಡ, ಮೊಟ್ಟೆಯಾಕಾರದ ಬೆಳಕಿನ ಬೊಟ್ಟು ಬೀಳುತ್ತದೆ. ಅದು ಸೂರ್ಯನದೇ ಬಿಂಬ. ಅದರ ನಡುವನ್ನು ಪೆನ್ಸಿಲಿನಲ್ಲಿ ಗುರುತಿಸುವುದು ಸುಲಭ, ಒಂದು ಮಿ.ಮೀ. ಆಚೀಚೆ ಬಂದರೂ ಮೋಸವಿಲ್ಲ. ತೂತಿನ ನೇರ ಕೆಳಗಿನ ಬಿಂದುವನ್ನು ತೂಗುಗುಂಡು ಇಳಿಬಿಟ್ಟು ಗುರುತಿಸಿ, ಅಲ್ಲಿಂದ ಅಳೆಯಿರಿ.

ಗಡಿಯಾರದ 12 ಗಂಟೆಗೆ ಅಳೆಯಬೇಡಿ. ಆ ದಿನ ಸೂರ್ಯ ನೆತ್ತಿಯ ಗೆರೆಗೆ ಬರುವುದು ಮಡಿಕೇರಿಯಲ್ಲಿ ಸುಮಾರು 12.25ಕ್ಕೆ, ಬೀದರಿನಲ್ಲಿ 12.18ಕ್ಕೆ, ದೆಹಲಿಯಲ್ಲಿ 12.19ಕ್ಕೆ. 12.10ರಿಂದ 12.40ರವರೆಗೆ ಎರಡೆರಡು ನಿಮಿಷಕ್ಕೆ ಚುಕ್ಕೆ ಇಡುತ್ತಾ ಹೋಗಿ, ಅತಿ ಚಿಕ್ಕ ಅಳತೆಯನ್ನು ಹಿಡಿಯಿರಿ.

ತಡಿಯಂಡಮೋಳ್ ಮೇಲೆ ನಿಂತರೂ ಸಮುದ್ರದ ಅಂಚು ಕಣ್ಣಿನ ಮಟ್ಟಕ್ಕೇ ಕಾಣುತ್ತದೆ, ಭೂಮಿ ದುಂಡಗಿದ್ದರೆ ಅದು ಕೆಳಗೆ ಇಳಿಯಬೇಕಿತ್ತು ಎನ್ನುತ್ತಾರೆ. ಹೌದೇ?
– ಕಾಲೇಜು ವಿದ್ಯಾರ್ಥಿ, ಕಕ್ಕಬ್ಬೆ

ಇಳಿದಿದೆ. ಬರಿಗಣ್ಣಿಗೆ ಗೊತ್ತಾಗುವುದಿಲ್ಲ, ಏಕೆಂದರೆ ‘ಕಣ್ಣಿನ ಮಟ್ಟ’ ಯಾವುದೆಂದು ಕಣ್ಣಿಗೇ ತಿಳಿದಿರುವುದಿಲ್ಲ. ಮಟ್ಟ ತೋರಿಸಲು ನೀರು ಬೇಕು.

ಗಾರೆ ಕೆಲಸದವರು ಬಳಸುವ ಪಾರದರ್ಶಕ ಲೆವೆಲ್ ಪೈಪು 3 ಮೀಟರ್ ತೆಗೆದುಕೊಳ್ಳಿ. ಒಂದು ಮೀಟರ್ ರೀಪಿನ ಎರಡು ತುದಿಗೆ ಪೈಪಿನ ಎರಡು ಬಾಯಿ ಮೇಲೆ ಬರುವಂತೆ ಕಟ್ಟಿ, ಬಣ್ಣ ಕಲಸಿದ ನೀರು ತುಂಬಿ. ಗಾಳಿಗುಳ್ಳೆ ಒಂದು ಉಳಿದರೂ ಮಟ್ಟ ಸುಳ್ಳು ಹೇಳುತ್ತದೆ, ಪೈಪನ್ನು ಬೆರಳಿನಿಂದ ತಟ್ಟಿ ತಟ್ಟಿ ಹೊರಗೆ ಕಳಿಸಿ. ಎರಡೂ ಬಾಯಿ ತೆರೆದಿರಲಿ. ದೂರದ ಕೊಳವೆಗೆ ಮಿ.ಮೀ. ಪಟ್ಟಿ ಅಂಟಿಸಿ. ಮೊಬೈಲನ್ನು ಆ ಪಟ್ಟಿಯಿಂದ ಸರಿಯಾಗಿ 2 ಮೀಟರ್ ಹಿಂದೆ, ಎರಡು ನೀರಿನ ಮೇಲ್ಮೈಗಳೂ ಒಂದೇ ಗೆರೆಯಾಗಿ ಕಾಣುವ ಎತ್ತರಕ್ಕೆ ಇಡಿ. ಆ ಗೆರೆಯೇ ಮಟ್ಟ.

ಶಿಖರ 1,748 ಮೀಟರ್. ಗಾಳಿಯಲ್ಲಿ ಬೆಳಕು ಬಾಗುವುದನ್ನೂ ಸೇರಿಸಿದರೆ ಸಮುದ್ರದ ಅಂಚು ಮಟ್ಟಕ್ಕಿಂತ ಸುಮಾರು 1.2 ಡಿಗ್ರಿ ಕೆಳಗಿರಬೇಕು. 2 ಮೀಟರ್ ದೂರದ ಪಟ್ಟಿಯ ಮೇಲೆ ಅದು ಸುಮಾರು 43 ಮಿ.ಮೀ.

ವಾದ ಇಲ್ಲಿಗೆ ಮುಗಿಯುವುದಿಲ್ಲ. ‘ಚಪ್ಪಟೆ ಸಮುದ್ರದಲ್ಲೂ 80 ಕಿ.ಮೀ. ಆಚೆ ಮಂಜು ಮುಚ್ಚಿದ್ದರೆ ಅಂಚು ಅಷ್ಟೇ ಕೆಳಗೆ ಕಾಣುತ್ತದೆ’ ಎಂದು ಅವರು ಹೇಳಬಹುದು, ಆ ಮಾತಿನಲ್ಲಿ ಹುರುಳೂ ಇದೆ. ಅದಕ್ಕೇ ಅಂಚನ್ನು ಬಿಟ್ಟು ಮುಳುಗುವ ಸೂರ್ಯನನ್ನು ನೋಡಿ. ಚಪ್ಪಟೆ ನೆಲದ ಮೇಲೆ ಸಾವಿರಾರು ಕಿ.ಮೀ. ಎತ್ತರದಲ್ಲಿ ಸುತ್ತುವ ಸೂರ್ಯ ಎಷ್ಟೇ ದೂರ ಹೋದರೂ ಮಟ್ಟದ ಗೆರೆಗಿಂತ ಕೆಳಗೆ ಬರುವಂತಿಲ್ಲ. ಶಿಖರದಿಂದ ನೋಡಿದರೆ ಸೂರ್ಯ ನೀರಿನ ಗೆರೆಯನ್ನು ದಾಟಿ, ತನ್ನದೇ ಅಗಲದ ಎರಡು ಪಟ್ಟಿಗಿಂತ ಹೆಚ್ಚು ಕೆಳಗಿಳಿದು ಆಮೇಲೆ ಮುಳುಗುತ್ತಾನೆ. ಮಂಜು ಅಡ್ಡ ಬಂದು ಒಂದು ಪಟ್ಟು ಮಾತ್ರ ಕಂಡರೂ ಸಾಕು. ‘ಬೆಳಕು ಬಾಗುತ್ತದೆ’ ಎಂಬ ನೆಪವೂ ನಡೆಯದು, ವಾತಾವರಣ ಬೆಳಕನ್ನು ಬಾಗಿಸಿ ಸೂರ್ಯನನ್ನು ಇದ್ದುದಕ್ಕಿಂತ ಮೇಲೆ ತೋರಿಸುತ್ತದೆಯೇ ಹೊರತು ಕೆಳಗಲ್ಲ. ನಮ್ಮ ಮಟ್ಟಿಗೆ ಕೊಡಗಿನವರು ಮಾಡಬಹುದಾದ ಅತ್ಯುತ್ತಮ ಪ್ರಯೋಗ ಇದೇ.

ಡಿಸೆಂಬರ್–ಜನವರಿಯ ತಿಳಿ ಸಂಜೆ ಆರಿಸಿ. ಸೂರ್ಯನನ್ನು ಮೊಬೈಲಿನ ಪರದೆಯಲ್ಲೇ ನೋಡಿ, ನೇರವಾಗಿ ನೋಡಬೇಡಿ. ಸಂಜೆಯವರೆಗೆ ಶಿಖರದಲ್ಲಿರಲು ಅವಕಾಶ ಉಂಟೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳಿ. ಇಲ್ಲವಾದರೆ ಪಡುವಣ ಸಮುದ್ರ ಕಾಣುವ ಬೇರೆ ಯಾವ ಎತ್ತರವಾದರೂ ಆದೀತು: 900 ಮೀಟರಿನಿಂದಲೂ ಸೂರ್ಯ ಒಂದೂವರೆ ಪಟ್ಟು ಕೆಳಗಿಳಿಯುವುದು ಕಾಣಬೇಕು.

ನೀರು ಯಾವಾಗಲೂ ಸಮತಟ್ಟು. ಹಾಗಿದ್ದಮೇಲೆ ದುಂಡು ಭೂಮಿಯಲ್ಲಿ ಕಾವೇರಿ ಉಬ್ಬು ಹತ್ತಿ ಹರಿಯಬೇಕಲ್ಲ? ಹಾರಂಗಿ ಹಿನ್ನೀರಿನಲ್ಲಿ ದೂರದ ದೀಪ ನೋಡಿ ಪರೀಕ್ಷಿಸಬಹುದೇ?
– ಓದುಗರು, ಕುಶಾಲನಗರ

‘ಕೆಳಗೆ’ ಎಂದರೆ ಭೂಮಿಯ ಕೇಂದ್ರದ ಕಡೆ. ತಲಕಾವೇರಿ ಸಮುದ್ರಮಟ್ಟಕ್ಕಿಂತ 1,276 ಮೀಟರ್ ಮೇಲೆ, ಅಂದರೆ ಕೇಂದ್ರದಿಂದ ಅಷ್ಟು ಹೆಚ್ಚು ದೂರ. ಪೂಂಪುಹಾರ್ ತಲುಪುವವರೆಗಿನ 800 ಕಿ.ಮೀ. ಉದ್ದಕ್ಕೂ ನೀರು ಆ ದೂರವನ್ನು ಕಡಿಮೆ ಮಾಡಿಕೊಳ್ಳುತ್ತಲೇ ಹೋಗುತ್ತದೆ. ಹತ್ತಬೇಕಾದ ಉಬ್ಬು ಎಲ್ಲೂ ಇಲ್ಲ.

ಹಿನ್ನೀರಿನ ಪರೀಕ್ಷೆ ಬೇಡ. 1838ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್ ನಾಲೆಯಲ್ಲಿ ರೋಬೋಥಾಮ್ ಎಂಬವನು ನೀರಿಗಿಂತ 20 ಸೆಂ.ಮೀ. ಮೇಲೆ ಕಣ್ಣಿಟ್ಟು 6 ಮೈಲಿ ಆಚೆಯ ದೋಣಿಯನ್ನು ನೋಡಿ, ಭೂಮಿ ಚಪ್ಪಟೆ ಎಂದು ಸಾರಿದ. ನೀರಿಗೆ ಅಂಟಿಕೊಂಡ ತಂಪು ಗಾಳಿ ಬೆಳಕನ್ನು ಭೂಮಿಯ ಬಾಗಿನ ಜೊತೆಗೇ ಬಾಗಿಸುತ್ತದೆ, ಮರೆಯಾಗಬೇಕಾದದ್ದು ಕಾಣುತ್ತದೆ. 1870ರಲ್ಲಿ ಜೀವವಿಜ್ಞಾನಿ ಆಲ್‌ಫ್ರೆಡ್ ವ್ಯಾಲೇಸ್ ಅದೇ ನಾಲೆಯಲ್ಲಿ ದೃಷ್ಟಿಯ ಗೆರೆಯನ್ನು ಸುಮಾರು 4 ಮೀಟರ್ ಮೇಲಕ್ಕೇರಿಸಿ, ಒಂದೇ ಎತ್ತರದ ಗುರುತುಗಳನ್ನಿಟ್ಟು ನೋಡಿದಾಗ ನಡುವಿನದು ಎತ್ತರವಾಗಿ ಕಂಡಿತು. ನಿಮ್ಮ ಹಿನ್ನೀರಿನ ಮೇಲೆ ಬೆಳಗಿನ ಮಂಜು ಕೂತಿರುವ ಹೊತ್ತಂತೂ ಈ ಅಳತೆಗೆ ಅತ್ಯಂತ ಕೆಟ್ಟ ಹೊತ್ತು.

ಭೂಮಾಪನದವರು ಈ ಬಾಗನ್ನು ಇನ್ನೂರು ವರ್ಷದಿಂದ ಲೆಕ್ಕಕ್ಕೆ ಹಿಡಿಯುತ್ತಿದ್ದಾರೆ: ಕಿ.ಮೀ. ಸಂಖ್ಯೆಯ ವರ್ಗವನ್ನು 7.85 ಸೆಂ.ಮೀ.ನಿಂದ ಗುಣಿಸಿದಷ್ಟು, 10 ಕಿ.ಮೀ.ಗೆ 7.85 ಮೀಟರ್. 1802ರಲ್ಲಿ ಮದ್ರಾಸಿನ ಬಳಿ ಉಕ್ಕಿನ ಸರಪಳಿ ಹಾಸಿ ಮಹಾ ತ್ರಿಕೋನ ಮೋಜಣಿ ಆರಂಭಿಸಿದ ಬ್ರಿಟಿಷ್ ಸೇನಾಧಿಕಾರಿ ಲ್ಯಾಂಬ್ಟನ್, ಮಂಗಳೂರಿನ ಕಡೆಗೆ ದಾಟುವಾಗ ಬಳಸಿದ ಬೆಟ್ಟಗಳ ಪಟ್ಟಿಯಲ್ಲಿ ತಡಿಯಂಡಮೋಳ್ ಕೂಡ ಇದೆ.

ಭೂಮಿ ಗಂಟೆಗೆ 1,600 ಕಿ.ಮೀ. ವೇಗದಲ್ಲಿ ತಿರುಗುತ್ತಿದ್ದರೆ ನಾವು ಎಸೆದುಹೋಗಬೇಕಿತ್ತು!
– ಓದುಗರು, ನಾಪೋಕ್ಲು

ಎಸೆಯುವುದು ವೇಗವಲ್ಲ, ತಿರುವಿನ ಬಿರುಸು. ಭೂಮಿ ಒಂದು ಸುತ್ತಿಗೆ ಇಡೀ ದಿನ ತೆಗೆದುಕೊಳ್ಳುತ್ತದೆ, ಗಡಿಯಾರದ ಗಂಟೆ ಮುಳ್ಳಿನ ಅರ್ಧ ವೇಗ. ಕೊಡಗಿನಲ್ಲಿ ಅದರ ಎಸೆತ ತೂಕದ ಸಾವಿರಕ್ಕೆ ಮೂರೂವರೆ ಪಾಲೂ ಇಲ್ಲ. ಇಲ್ಲಿ ಸ್ಪ್ರಿಂಗ್ ತಕ್ಕಡಿಯಲ್ಲಿ 50 ಕೆ.ಜಿ. ತೋರಿಸುವ ಕಾಫಿ ಮೂಟೆಯನ್ನು ಅದೇ ತಕ್ಕಡಿಯೊಡನೆ ಧ್ರುವಕ್ಕೆ ಒಯ್ದರೆ ಸುಮಾರು ಕಾಲು ಕೆ.ಜಿ. ಹೆಚ್ಚು ತೋರಿಸುತ್ತದೆ. ಅಲ್ಲಿ ತಿರುಗುವಿಕೆಯ ಎಸೆತವಿಲ್ಲ, ಭೂಮಿಯ ಕೇಂದ್ರವೂ ತುಸು ಹತ್ತಿರ. ಬಟ್ಟಿನ ತಕ್ಕಡಿಯಲ್ಲಿ ಈ ವ್ಯತ್ಯಾಸ ಸಿಗದು, ಬಟ್ಟಿನ ತೂಕವೂ ಜೊತೆಗೇ ಏರುತ್ತದೆ.

ಅಗಸ್ತ್ಯ ನಕ್ಷತ್ರ ಉತ್ತರದವರಿಗೆ ಕಾಣುವುದಿಲ್ಲವೇ?
– ಓದುಗರು, ಭಾಗಮಂಡಲ

ದೆಹಲಿಯಲ್ಲಿ ಕಾಣುತ್ತದೆ, ಬಹಳ ಕೆಳಗೆ. ಫೆಬ್ರವರಿ ನಡುವಿನಲ್ಲಿ ರಾತ್ರಿ 9ರ ಸುಮಾರಿಗೆ ನಿಮ್ಮಲ್ಲಿ ನೇರ ದಕ್ಷಿಣಕ್ಕೆ, ದಿಗಂತದಿಂದ 25 ಡಿಗ್ರಿ ಮೇಲೆ ಹೊಳೆಯುವ ನಕ್ಷತ್ರವೇ ಅಗಸ್ತ್ಯ. ದೆಹಲಿಯಲ್ಲಿ ಅದು ಏರುವುದು 9 ಡಿಗ್ರಿಯೊಳಗೆ, ಶ್ರೀನಗರದಲ್ಲಿ 3 ಡಿಗ್ರಿ. ಇನ್ನೂ ಉತ್ತರಕ್ಕೆ, 38 ಡಿಗ್ರಿ ಅಕ್ಷಾಂಶ ದಾಟಿದರೆ ಏಳುವುದೇ ಇಲ್ಲ. ನೆಲ ಬಾಗಿರುವುದರಿಂದಲೇ ಹೀಗೆ. ‘ಹಿಂದಿನವರು ಭೂಮಿ ಚಪ್ಪಟೆ ಎಂದಿದ್ದರು’ ಎನ್ನುವವರಿಗೆ ಒಂದು ಮಾತು: ಕ್ರಿ.ಶ. 499ರಲ್ಲೇ ಆರ್ಯಭಟ ಭೂಮಿಯನ್ನು ಸುತ್ತಲೂ ಎಸಳು ತುಂಬಿದ ಕದಂಬ ಹೂವಿನ ಗುಂಡಿಗೆ ಹೋಲಿಸಿದ್ದಾನೆ.

ನಮ್ಮ ದೊಡ್ಡಪ್ಪನವರೇ ಇದನ್ನು ನಂಬುತ್ತಾರೆ. ಏನು ತೋರಿಸಿದರೂ ‘ಅದೂ ಮೋಸ’ ಎನ್ನುತ್ತಾರೆ.
– ಓದುಗರು, ವಿರಾಜಪೇಟೆ

ಅಳೆಯುವ ಮೊದಲೇ ಬರೆಸಿಕೊಳ್ಳಿ. ‘ದೊಡ್ಡಪ್ಪ, ನಿಮ್ಮ ಲೆಕ್ಕದಲ್ಲಿ ದೆಹಲಿಯ ನೆರಳು ಎಷ್ಟು ಬರಬೇಕು?’ ಎಂದು ಕೇಳಿ. ಮಡಿಕೇರಿ, ಬೀದರಿನ ಅಳತೆ ಕೊಟ್ಟರೆ ಚಪ್ಪಟೆ ನೆಲದ ಲೆಕ್ಕ ಹೇಳುವುದು 118.7 ಸೆಂ.ಮೀ., ದುಂಡು ಭೂಮಿಯದು 128.2. ಒಂಬತ್ತೂವರೆ ಸೆಂ.ಮೀ. ಅಂತರ, ಯಾರ ಕಣ್ಣಿಗೂ ಬೀಳುವಂಥದ್ದು. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ತೂತಿನ ರಟ್ಟು ಅವರೇ ಕೊರೆಯಲಿ, ತೂಗುಗುಂಡು ಅವರೇ ಹಿಡಿಯಲಿ. ದೆಹಲಿಗೆ ಫೋನು ಮಾಡುವುದೂ ಅವರು ನಂಬುವ ನೆಂಟರಿಗೇ ಆಗಲಿ. ನಾಲ್ಕು ಜನರ ಮುಂದೆ ಸೋಲಿಸಲು ಹೋಗಬೇಡಿ, ಹಿರಿಯರು ಅಲ್ಲಿ ಮನಸ್ಸು ಬದಲಿಸುವುದಿಲ್ಲ. 2024ರ ಡಿಸೆಂಬರಿನಲ್ಲಿ ಕೆಲವು ಚಪ್ಪಟೆವಾದಿಗಳು ಅಂಟಾರ್ಕ್ಟಿಕಾಕ್ಕೇ ಹೋಗಿ, ಚಪ್ಪಟೆ ಭೂಮಿಯ ವಾದದಲ್ಲಿ ಅಲ್ಲಿ ಇರಲಾರದ, 24 ಗಂಟೆಯೂ ಮುಳುಗದ ಸೂರ್ಯನನ್ನು ಕಂಡರು. ತಮ್ಮ ಕಣ್ಣಿನಿಂದಲೇ ನೋಡಿದ್ದರಿಂದ ಅವರಲ್ಲಿ ಒಬ್ಬರು, ಆ ವಿಷಯದಲ್ಲಿ ತಾವು ತಪ್ಪಿದ್ದೆವು ಎಂದು ಒಪ್ಪಿಕೊಂಡರು. ನಿಮಗೆ ಅಷ್ಟು ದೂರದ ಪಯಣ ಬೇಕಿಲ್ಲ. ಡಿಸೆಂಬರ್ 21ರಂದು ಮೋಡ ಕವಿದರೆ ಮುಂದಿನ ಮೂರು ದಿನವೂ ನೆರಳು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಮೂರೂ ಊರಿನವರು ಒಂದೇ ದಿನ ಅಳೆದರೆ ಆಯಿತು.