ಕನ್ನಡದಲ್ಲಿ ಆರೋಗ್ಯ ಮಾಹಿತಿಯ ಜಾಲತಾಣ ಕಟ್ಟುತ್ತಿದ್ದೇವೆ. ಅದರ ಗುಣಮಟ್ಟವನ್ನು ಅಳೆಯುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಬೀದರ್‌ನಲ್ಲಿ ನಾಲ್ಕಾರು ಗೆಳೆಯರು ಸೇರಿ ಜಾಲತಾಣ ಕಟ್ಟುತ್ತಿದ್ದೀರಿ, ಬರೆಯುವುದಕ್ಕೆ ಒಬ್ಬ ವೈದ್ಯರಿದ್ದಾರೆ. ಆದರೆ ಅದು ಗುಣಮಟ್ಟದ್ದು ಎಂದು ಯಾರಿಂದ ಹೇಳಿಸಬೇಕು, ಯಾವ ಪ್ರಮಾಣಪತ್ರ ಪಡೆಯಬೇಕು ಎಂಬುದು ನಿಮ್ಮ ಚಿಂತೆ. ನಾನು ವೈದ್ಯನಲ್ಲ. ಕಲಬುರಗಿಯಲ್ಲಿ ಮೊದಲು ಲಗ್ನಪತ್ರಿಕೆ ವಿನ್ಯಾಸ ಮಾಡುತ್ತಿದ್ದೆ, ಈಗ ವೆಬ್‌ಸೈಟ್ ಕಟ್ಟುತ್ತೇನೆ. ಆಸ್ಪತ್ರೆಯೊಂದಕ್ಕೆ ಕೆಟ್ಟ ಆರೋಗ್ಯ ಪುಟಗಳನ್ನು ಮಾಡಿಕೊಟ್ಟವನೂ ನಾನೇ, ಆಮೇಲೆ ಒಂದು ಸ್ವಯಂಸೇವಾ ಗುಂಪಿಗೆ ಪರವಾಗಿಲ್ಲ ಎನ್ನುವಂಥ ಪುಟಗಳನ್ನು ಮಾಡಿಕೊಟ್ಟವನೂ ನಾನೇ. ಆದ್ದರಿಂದ ಎರಡೂ ಕಡೆಯ ಮಾತು ಆಡಬಲ್ಲೆ.

ಮೊದಲು ಪ್ರಮಾಣಪತ್ರದ ವಿಷಯ ಮುಗಿಸಿಬಿಡೋಣ. ಜಿನೀವಾದಲ್ಲಿ ಹೆಲ್ತ್ ಆನ್ ದ ನೆಟ್ ಎಂಬ ಪ್ರತಿಷ್ಠಾನವಿತ್ತು. 1996ರಿಂದ ಅದು ಎಂಟು ನಿಯಮಗಳ ಸಂಹಿತೆಯೊಂದನ್ನು ನಡೆಸುತ್ತಿತ್ತು. ಅವುಗಳನ್ನು ಪಾಲಿಸುವ ಜಾಲತಾಣಕ್ಕೆ 'ಹಾನ್‌ಕೋಡ್' ಎಂಬ ಮುದ್ರೆ ಸಿಗುತ್ತಿತ್ತು. 2022ರ ಕೊನೆಗೆ ಆ ಸಂಸ್ಥೆ ಬಾಗಿಲು ಹಾಕಿತು. ಮುದ್ರೆ ಮಾತ್ರ ಇನ್ನೂ ಎಷ್ಟೋ ಪುಟಗಳ ಅಡಿಯಲ್ಲಿ, ಬೀಗ ಹಾಕಿದ ಮನೆಯ ಬಾಗಿಲಿನ ಒಣ ತೋರಣದಂತೆ ಅಂಟಿಕೊಂಡಿದೆ. ಹಾಗಾಗಿ ಪುಟದ ಕೊನೆಯಲ್ಲಿ ಮುದ್ರೆ ಕಂಡರೆ ನಾನು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀವೂ ಅದರ ಬೆನ್ನು ಹತ್ತಬೇಡಿ.

ಮುದ್ರೆ ಹೋದರೂ ಅಳತೆಗೋಲುಗಳು ಉಳಿದಿವೆ. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ 1997ರಲ್ಲಿ ನಾಲ್ಕು ಅಂಶಗಳನ್ನು ಹೇಳಿತು: ಬರೆದವರು ಯಾರು, ಎಲ್ಲಿಂದ ತೆಗೆದುಕೊಂಡಿದ್ದು, ಯಾರ ದುಡ್ಡು, ಯಾವ ದಿನಾಂಕದ್ದು. ಇದು ಮನೆ ಬಾಗಿಲಿಗೆ ಬಂದವನ ಹೆಸರು, ಊರು ಕೇಳಿದಂತೆ. ಕೇಳಲೇಬೇಕು, ಆದರೆ ಅಷ್ಟಕ್ಕೇ ಮಗಳನ್ನು ಕೊಡುವುದಿಲ್ಲ. ಇದಕ್ಕಿಂತ ಆಳಕ್ಕೆ ಇಳಿಯುವುದು 1999ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ರೂಪುಗೊಂಡ 'ಡಿಸರ್ನ್'. ಅದರಲ್ಲಿ 16 ಪ್ರಶ್ನೆಗಳಿವೆ, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಮೊದಲ ಎಂಟು ಪ್ರಶ್ನೆಗಳು ಬರಹವನ್ನು ನಂಬಬಹುದೇ ಎಂದು ನೋಡುತ್ತವೆ, ಮುಂದಿನ ಏಳು ಚಿಕಿತ್ಸೆಯ ಬಗ್ಗೆ ಹೇಳಿದ ಮಾತನ್ನು ತೂಗುತ್ತವೆ, ಕೊನೆಯದು ಒಟ್ಟಾರೆ ಅಂಕ.

ಆ 16ರಲ್ಲಿ ನನ್ನನ್ನು ಚುಚ್ಚಿದ್ದು ಒಂದೇ ಪ್ರಶ್ನೆ: ಚಿಕಿತ್ಸೆ ತೆಗೆದುಕೊಳ್ಳದಿದ್ದರೆ ಏನಾಗುತ್ತದೆ ಎಂದು ಬರಹ ಹೇಳುತ್ತದೆಯೇ? ಆಸ್ಪತ್ರೆಗೆ ಮಾಡಿಕೊಟ್ಟ ಪುಟಗಳಲ್ಲಿ ಮೂತ್ರಪಿಂಡದ ಕಲ್ಲಿನ ಬಗ್ಗೆ ಒಂದಿತ್ತು. ನಮ್ಮ ಬಿಸಿಲಿಗೆ ಈ ಕಲ್ಲಿನ ಗಿರಾಕಿಗಳು ಕಡಿಮೆಯಿಲ್ಲ. ಐದು ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳು ಹೆಚ್ಚಾಗಿ ತಾವಾಗಿಯೇ ಮೂತ್ರದಲ್ಲಿ ಹೊರಬೀಳುತ್ತವೆ ಎಂದು ಅಲ್ಲಿನ ವೈದ್ಯರೇ ಬರೆದುಕೊಟ್ಟಿದ್ದರು. ವ್ಯವಸ್ಥಾಪಕರು ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದರು. "ಇದನ್ನು ಓದಿದವರು ನಮ್ಮಲ್ಲಿಗೆ ಯಾಕೆ ಬರುತ್ತಾರೆ?" ನಾನು ಮರುಮಾತಾಡದೆ ಅಳಿಸಿದೆ. ಉಳಿದ ಸಾಲುಗಳಲ್ಲಿ ಒಂದೂ ಸುಳ್ಳಿರಲಿಲ್ಲ. ಲೇಖಕರ ಹೆಸರಿತ್ತು, ಪದವಿಯಿತ್ತು, ದಿನಾಂಕವಿತ್ತು. ನಾಲ್ಕು ಅಂಶಗಳ ಅಳತೆಯಲ್ಲಿ ಆ ಪುಟ ಸಲೀಸಾಗಿ ಪಾಸಾಗುತ್ತಿತ್ತು. ನಿಮ್ಮ ಪುಟಕ್ಕೆ ಹಣ ಕೊಡುವವರು ಯಾವ ಸಾಲನ್ನು ಅಳಿಸಲು ಹೇಳುತ್ತಾರೋ ಅದನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಓದುಗನಿಗೆ ಬೇಕಾದ ಸಾಲು ಬಹುತೇಕ ಅದೇ ಆಗಿರುತ್ತದೆ.

ಆ ಆಸ್ಪತ್ರೆಯ ಉಳಿದ ಪುಟಗಳನ್ನು ಯಂತ್ರದಿಂದ ಅನುವಾದ ಮಾಡಿಸಿದ್ದೆವು. ಮೂತ್ರದಲ್ಲಿರುವ ರೋಗಾಣುಗಳನ್ನು ಬೆಳೆಸಿ ನೋಡುವ 'ಕಲ್ಚರ್' ಪರೀಕ್ಷೆ 'ಮೂತ್ರ ಸಂಸ್ಕೃತಿ' ಆಗಿ ಎರಡು ತಿಂಗಳು ಜಗತ್ತಿಗೆ ದರ್ಶನ ಕೊಟ್ಟಿತು. ನಕ್ಕು ಬಿಡಬಹುದು. ಆದರೆ 'ವರದಿ ಧನಾತ್ಮಕ' ಎಂಬುದನ್ನು ನಗುತ್ತಾ ಬಿಡುವಂತಿಲ್ಲ. ಅದನ್ನು ಓದಿದ ನಮ್ಮ ಪಕ್ಕದ ಅಂಗಡಿಯವರು "ಧನಾತ್ಮಕ ಎಂದರೆ ಒಳ್ಳೆಯದೇ ಅಲ್ಲವೇ?" ಎಂದು ಕೇಳಿದರು. ಪರೀಕ್ಷೆಯಲ್ಲಿ ಸೋಂಕು ಕಂಡಿದೆ ಎಂದು ನೇರವಾಗಿ ಬರೆಯುವುದಕ್ಕೆ ನಮಗೇನು ಧಾಡಿಯಾಗಿತ್ತೋ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವುದಕ್ಕೆ ಬರುತ್ತೇನೆ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಗುಂಥರ್ ಐಸೆನ್‌ಬಾಖ್ ಮತ್ತು ಕ್ರಿಶ್ಚಿಯನ್ ಕೋಲರ್ ಒಂದು ಅಧ್ಯಯನ ಪ್ರಕಟಿಸಿದರು. ಜನರನ್ನು ಗುಂಪಾಗಿ ಕೂರಿಸಿ ಕೇಳಿದಾಗ ಎಲ್ಲರೂ ಜಾಣರೇ: ಮೂಲ ಯಾವುದೆಂದು ನೋಡುತ್ತೇವೆ, ಸಂಸ್ಥೆ ಅಧಿಕೃತವೇ ಎಂದು ಗಮನಿಸುತ್ತೇವೆ ಎಂದರು. ಕಂಪ್ಯೂಟರಿನ ಮುಂದೆ ಕೂರಿಸಿ ಗಮನಿಸಿದಾಗ ಒಬ್ಬರೂ 'ನಮ್ಮ ಬಗ್ಗೆ' ಎಂಬ ಪುಟವನ್ನು ತೆರೆಯಲಿಲ್ಲ. ಉತ್ತರ ಯಾವ ಜಾಲತಾಣದಲ್ಲಿ ಸಿಕ್ಕಿತೆಂದು ಆಮೇಲೆ ನೆನಪಿಟ್ಟವರೂ ಕಡಿಮೆ. ನಾವು ವಾರಗಟ್ಟಲೆ ಕೂತು ಚೆಂದಗಾಣಿಸುವ ಆ ಪುಟವನ್ನು ನೋಡುವವರು ನಾವು ಮತ್ತು ನಮ್ಮ ಸಂಬಂಧಿಕರು. ಆದ್ದರಿಂದ ಬರೆದವರ ಹೆಸರು, ಪರಿಶೀಲಿಸಿದ ದಿನಾಂಕ ಎರಡನ್ನೂ ಬೇರೆ ಪುಟಕ್ಕೆ ಅಟ್ಟದೆ ಶೀರ್ಷಿಕೆಯ ಕೆಳಗೇ ಇಡಿ. ಮತ್ತು ಗುಣಮಟ್ಟವನ್ನು ಕೇಳಿ ತಿಳಿಯಬೇಡಿ, ಓದಿದವರು ಏನು ಮಾಡುತ್ತಾರೆ ಎಂದು ಕಣ್ಣಾರೆ ನೋಡಿ.

ನಾನು ನೋಡಿದ್ದನ್ನು ಹೇಳುತ್ತೇನೆ. ಸ್ವಯಂಸೇವಾ ಗುಂಪಿಗೆಂದು ಮಕ್ಕಳ ವಾಂತಿಭೇದಿಯ ಬಗ್ಗೆ ಒಂದು ಪುಟ ಮಾಡಿದ್ದೆವು. ಅದರಲ್ಲಿ ಓಆರ್‌ಎಸ್ (ವಾಂತಿಭೇದಿಯಲ್ಲಿ ಮೈ ಕಳೆದುಕೊಂಡ ನೀರು, ಉಪ್ಪನ್ನು ತುಂಬಿಕೊಡುವ ದ್ರಾವಣ) ತಯಾರಿಸುವ ವಿಧಾನ: 'ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಪೊಟ್ಟಣವನ್ನು ಬೆರೆಸಬೇಕು.' ಮಕ್ಕಳ ವೈದ್ಯರು ನೋಡಿ ಸೈ ಎಂದಿದ್ದರು. ಡಿಸರ್ನ್ ಪ್ರಶ್ನೆಗಳನ್ನು ಇಟ್ಟುಕೊಂಡು ನಾವೇ ಅಂಕ ಹಾಕಿಕೊಂಡು ಬೆನ್ನು ತಟ್ಟಿಕೊಂಡಿದ್ದೂ ಆಗಿತ್ತು. ಏಪ್ರಿಲ್ ತಿಂಗಳು, ಆಳಂದ ರಸ್ತೆಯ ಕಡೆ ಒಂದು ತೊಗರಿ ಬೇಳೆ ಗಿರಣಿ. ಮಧ್ಯಾಹ್ನ ರೊಟ್ಟಿ ಬುತ್ತಿ ಬಿಚ್ಚಿ ಕೂತ ಹೆಂಗಸರ ಬಳಿ ಹೋಗಿ ಮೊಬೈಲಿನಲ್ಲಿ ಪುಟ ತೆರೆದುಕೊಟ್ಟೆ. ಏಳನೆಯ ತರಗತಿ ಓದಿದ ಒಬ್ಬಾಕೆ ಗಟ್ಟಿಯಾಗಿ ಓದಿದರು. ಎಷ್ಟು ನೀರು ಎಂದು ಕೇಳಿದೆ. "ಒಂದು ಲೀಟರ್." ಸರಿಯುತ್ತರ. ಅಲ್ಲಿಗೇ ನಿಲ್ಲಿಸಿದ್ದರೆ ಪುಟ ಗೆದ್ದುಬಿಡುತ್ತಿತ್ತು. ಜೇಬಿನಿಂದ ಒಂದು ಪೊಟ್ಟಣ ತೆಗೆದು, ಮಾಡಿ ತೋರಿಸಿ ಎಂದೆ. ಆಕೆ ಪಕ್ಕದಲ್ಲಿದ್ದ ಹಿತ್ತಾಳೆ ತಂಬಿಗೆಯಲ್ಲಿ ನೀರು ತೆಗೆದುಕೊಂಡು ಪೊಟ್ಟಣವನ್ನು ಪೂರ್ತಿ ಸುರಿದು ಬೆರಳಿನಿಂದ ಕಲಕಿದರು. ಆ ತಂಬಿಗೆಗೆ ಅರ್ಧ ಲೀಟರ್ ಹಿಡಿದರೆ ಹೆಚ್ಚು.

ಹಾಗೆ ಮಾಡಿದರೆ ಉಪ್ಪಿನಂಶ ಎರಡು ಪಟ್ಟಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣದಲ್ಲಿರುವ 20.5 ಗ್ರಾಂ ಪುಡಿ ಸರಿಯಾಗಿ ಒಂದು ಲೀಟರಿಗೆ ಲೆಕ್ಕ ಹಾಕಿದ್ದು. ಅದರಲ್ಲಿ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ನೀರು ಕಡಿಮೆಯಾದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರಬಹುದು, ಮದ್ದೇ ಮುಳ್ಳಾಗಬಹುದು. ಆಕೆಯ ತಪ್ಪು ಏನೂ ಇರಲಿಲ್ಲ. ಆಕೆಯ ಮನೆಯಲ್ಲಿ ಲೀಟರ್ ಎಂಬ ಪಾತ್ರೆಯೇ ಇಲ್ಲ. ತಂಬಿಗೆಯಿದೆ, ಚರಿಗೆಯಿದೆ, ಕೊಡವಿದೆ. ಆ ಸಾಲನ್ನು ಹೀಗೆ ಬದಲಿಸಿದೆವು: 'ಅಂಗಡಿಯಲ್ಲಿ ಸಿಗುವ ಒಂದು ಲೀಟರಿನ ನೀರಿನ ಬಾಟಲಿ ತೆಗೆದುಕೊಳ್ಳಿ. ಅದರಿಂದ ಒಂದು ಬಾಟಲಿ ನೀರು ಅಳೆದು ಪಾತ್ರೆಗೆ ಹಾಕಿ.' ಜೊತೆಗೆ ಬಾಟಲಿಯ ಫೋಟೊ. ಮುಂದಿನ ವಾರ ಇನ್ನೊಂದು ತೊಡಕು ಹೊರಬಿತ್ತು. ಔಷಧ ಅಂಗಡಿಗಳಲ್ಲಿ 200 ಮಿಲಿಲೀಟರ್ ನೀರಿಗೆಂದು ಮಾಡಿದ ಚಿಕ್ಕ ಪೊಟ್ಟಣವೂ ಸಿಗುತ್ತದೆ. ಅದನ್ನು ಬಾಟಲಿ ನೀರಿಗೆ ಹಾಕಿದರೆ ಬರೀ ನೀರು ಕುಡಿಸಿದಂತೆ. ಈಗ ಮೊದಲ ಹೆಜ್ಜೆ 'ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆ, ನೋಡಿ' ಎಂದಿದೆ. ಬರಹ ಓದಿದವರಿಗೆ ಅರ್ಥವಾಗುವಂತಿದೆಯೇ, ಓದಿದ್ದನ್ನು ಮಾಡಲು ಬರುವಂತಿದೆಯೇ ಎಂಬ ಎರಡನ್ನು ಬೇರೆಬೇರೆಯಾಗಿ ಅಳೆಯುವ ಪೆಮಾಟ್ ಎಂಬ ಅಳತೆಗೋಲನ್ನು ಅಮೆರಿಕದ ಸರ್ಕಾರಿ ಸಂಸ್ಥೆಯೊಂದು 2013ರಲ್ಲೇ ಹೊರತಂದಿದೆ. ನಾನು ಅದನ್ನು ಓದಿದ್ದು ತಂಬಿಗೆಯ ಪ್ರಸಂಗದ ನಂತರ, ಕೆಟ್ಟ ಮೇಲೆ ಬುದ್ಧಿ ಬಂದಂತೆ.

ಇನ್ನು ಭಾಷೆ. ಇಂಗ್ಲಿಷ್ ಬರಹ ಎಷ್ಟನೆಯ ತರಗತಿಯವರಿಗೆ ಅರ್ಥವಾಗುತ್ತದೆ ಎಂದು ಲೆಕ್ಕ ಹಾಕುವ ಸೂತ್ರಗಳಿವೆ. ಅವು ಪದದ ಉದ್ದ, ವಾಕ್ಯದ ಉದ್ದ ಎಣಿಸುತ್ತವೆ. ಕನ್ನಡಕ್ಕೆ ಅವನ್ನು ಹಚ್ಚಿದರೆ 'ಕುಡಿಸಬೇಕಾಗುತ್ತದೆ' ಎಂಬ ಒಂದೇ ಪದಕ್ಕೆ ನಮ್ಮನ್ನು ಪದವೀಧರರನ್ನಾಗಿ ಮಾಡುತ್ತವೆ. ನಮ್ಮ ತೊಡಕು ಬೇರೆ ಕಡೆಯಿದೆ. 'ಅತಿಸಾರ', 'ನಿರ್ಜಲೀಕರಣ' ಪಠ್ಯಪುಸ್ತಕದವು. ನಮ್ಮಲ್ಲಿ ಜನರು ಅತಿಸಾರಕ್ಕೆ ಜುಲಾಬು ಎನ್ನುತ್ತಾರೆ, ಕಾಮಾಲೆಗೆ ಕಾಮಣಿ ಎನ್ನುತ್ತಾರೆ, ಪಾರ್ಶ್ವವಾಯುವಿಗೆ ಲಕ್ವಾ ಎನ್ನುತ್ತಾರೆ. ಹುಡುಕುವುದೂ ಅದೇ ಪದದಿಂದ. ಪುಟದ ಮೊದಲ ಸಾಲಿನಲ್ಲಿ ಎರಡೂ ಪದಗಳಿರಲಿ. ನಿಮ್ಮ ಬೀದರ್‌ನಲ್ಲಂತೂ ಮರಾಠಿ, ಉರ್ದು, ತೆಲುಗು ಮನೆಮಾತಿನವರೂ ಕನ್ನಡ ಪುಟ ಓದುತ್ತಾರೆ. ಅವರಿಗೆ ಸಂಸ್ಕೃತದ ಪದಕ್ಕಿಂತ ಸಂತೆಯ ಪದ ಹತ್ತಿರ.

ಅದಕ್ಕಿಂತಲೂ ಅಪಾಯದ್ದು ನಿಷೇಧದ ಮಾತು. ಕನ್ನಡದಲ್ಲಿ 'ಇಲ್ಲ' ಎಂಬುದು ಕ್ರಿಯಾಪದದ ಬಾಲದಲ್ಲಿ ಕೂತಿರುತ್ತದೆ. 'ಕೊಡಬಹುದು', 'ಕೊಡಬಾರದು' ಎರಡನ್ನೂ ಐದಿಂಚಿನ ಮೊಬೈಲಿನಲ್ಲಿ, ಬಿಸಿಲಿನಲ್ಲಿ ನಿಂತು, ಅಳುವ ಮಗುವನ್ನು ಎತ್ತಿಕೊಂಡು ಓದಿ ನೋಡಿ. ಮೊದಲೂ ಒಂದೇ, ಕೊನೆಯೂ ಒಂದೇ, ನಡುವೆ ಎರಡಕ್ಷರದ ವ್ಯತ್ಯಾಸ. ನಾವು ನಿಷೇಧವನ್ನೆಲ್ಲ ಬೇರೆ ಚೌಕಟ್ಟಿಗೆ ಹಾಕಿ, ಮೇಲೆ 'ಬೇಡ' ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಬರೀ ವಸ್ತುಗಳ ಹೆಸರು ಕೊಟ್ಟೆವು: ಸೋಡಾ, ಬಾಟಲಿಯ ತಂಪು ಪಾನೀಯ, ಪೊಟ್ಟಣದ ಹಣ್ಣಿನ ರಸ. ಇನ್ನೊಂದು, ಇಂಗ್ಲಿಷ್ ವಿನ್ಯಾಸದ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಒತ್ತಕ್ಷರಗಳ ಕಾಲು ಕತ್ತರಿಸಿ ಹೋಗುತ್ತದೆ. ಒಮ್ಮೆ ನಮ್ಮ ಪುಟದಲ್ಲಿ ಒತ್ತುವ ಗುಂಡಿಯೊಂದರ ಮೇಲೆ 'ಅಲ್ಲ' ಹೋಗಿ 'ಅಲ' ಉಳಿದಿತ್ತು.

ಬರಹವನ್ನು ಚಿತ್ರವಾಗಿಸಿ ಹಾಕುವ ಚಾಳಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ, ಹಿಂದೆ ಹೂವು ಬಳ್ಳಿ ಹಚ್ಚಿ ಚಿತ್ರ ಮಾಡುತ್ತಾರೆ. (ಲಗ್ನಪತ್ರಿಕೆಯ ಕಾಲದಲ್ಲಿ ನಾನೂ ಮಾಡಿದ್ದೇನೆ.) ಅದು ಹುಡುಕಾಟಕ್ಕೆ ಸಿಗುವುದಿಲ್ಲ, ಮೊಬೈಲ್ ಅದನ್ನು ಸರಿಯಾಗಿ ಓದಿ ಹೇಳುವುದಿಲ್ಲ. 2011ರ ಜನಗಣತಿಯಲ್ಲಿ ಪಕ್ಕದ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 52ರ ಆಸುಪಾಸಿನಲ್ಲಿತ್ತು, ರಾಜ್ಯದಲ್ಲೇ ಕಡಿಮೆ. ಅಲ್ಲಿ ನಿಮ್ಮ ಪುಟವನ್ನು ಬಹಳ ಮಂದಿ ಓದುವುದಿಲ್ಲ, ಕೇಳುತ್ತಾರೆ. ಯಂತ್ರವೂ ಓದಬಲ್ಲ ಯೂನಿಕೋಡ್ ಅಕ್ಷರ, ಹಗುರವಾದ ಪುಟ, ಒಂದೆರಡು ನಿಮಿಷದ ಧ್ವನಿ. ಅಷ್ಟು ಸಾಕು, ಹಾರುವ ಚಿಟ್ಟೆ ಬೇಡ.

ದಿನಾಂಕದ ಮಾತಿಗೆ ಒಂದು ಉದಾಹರಣೆ. ಔಷಧ ಅಂಗಡಿಯಲ್ಲಿ ಓಆರ್‌ಎಸ್ ಎಂಬ ಹೆಸರು ಹೊತ್ತ ಸಿಹಿ ಪಾನೀಯಗಳು ವರ್ಷಗಟ್ಟಲೆ ಮಾರಾಟವಾದವು. ಎಚ್ಚರಿಕೆಯ ಸಾಲೊಂದನ್ನು ಅಚ್ಚು ಹಾಕಿದರೆ ಸಾಕು ಎಂಬ ಅನುಮತಿಯಿತ್ತು. 2025ರ ಅಕ್ಟೋಬರ್‌ನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಆ ಅನುಮತಿಯನ್ನು ಹಿಂದಕ್ಕೆ ಪಡೆದು, ಪಾನೀಯಗಳ ಹೆಸರಿನಲ್ಲಿ ಆ ಪದ ಇರಕೂಡದು ಎಂದು ಆದೇಶಿಸಿತು. ನಮ್ಮ ಪುಟದಲ್ಲಿ ಆ ಪಾನೀಯಗಳ ಬಗ್ಗೆ ಇದ್ದ ಪ್ಯಾರಾ ಒಂದೇ ದಿನದಲ್ಲಿ ಹಳತಾಯಿತು. ಪುಟದ ಮೇಲೆ ತಾನಾಗಿಯೇ ಇಂದಿನ ದಿನಾಂಕ ಮೂಡುವಂತೆ ಮಾಡುವವರಿದ್ದಾರೆ. ಅದು ಹಳಸಿದ ಸಾರಿಗೆ ಒಗ್ಗರಣೆ ಕೊಟ್ಟಂತೆ. ಯಾರು, ಯಾವತ್ತು, ಏನನ್ನು ಬದಲಿಸಿದರು ಎಂದು ಒಂದು ಸಾಲು ಬರೆಯಿರಿ.

ಜಾಹೀರಾತು ತೆಗೆದುಕೊಳ್ಳುತ್ತೀರೋ ಇಲ್ಲವೋ ನಿಮಗೆ ಬಿಟ್ಟದ್ದು. ತೆಗೆದುಕೊಂಡರೆ, ಮಧುಮೇಹದಂಥ ಕಾಯಿಲೆಗಳನ್ನು ಗುಣಪಡಿಸುತ್ತೇವೆ ಎಂಬ ಜಾಹೀರಾತುಗಳನ್ನು ನಿಷೇಧಿಸುವ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯನ್ನು ಒಮ್ಮೆ ಓದಿ. 'ಶುಗರ್ ಬುಡಸಹಿತ ಗುಣ' ಎಂಬ ಜಾಹೀರಾತು ನಿಮ್ಮ ಪುಟದ ಪಕ್ಕದಲ್ಲಿ ಬಂದರೆ ಓದುಗ ಅದನ್ನು ನಿಮ್ಮ ಮಾತೆಂದೇ ತಿಳಿಯುತ್ತಾನೆ.

ತುರ್ತು ಲಕ್ಷಣಗಳನ್ನು ಕೊನೆಗೆ ತಳ್ಳಬೇಡಿ. ಮಗು ಮಂಕಾಗಿದೆ, ಕಣ್ಣು ಒಳಗೆ ಹೋಗಿದೆ, ಮೂತ್ರ ಬರುತ್ತಿಲ್ಲ, ಕುಡಿಯಲು ಆಗುತ್ತಿಲ್ಲ, ಮಲದಲ್ಲಿ ರಕ್ತವಿದೆ ಎಂದರೆ ಪುಟ ಓದುತ್ತಾ ಕೂರುವ ಹೊತ್ತಲ್ಲ ಅದು. ನಮ್ಮ ಪುಟದಲ್ಲಿ ಇವು 108 ಸಂಖ್ಯೆಯ ಜೊತೆ ಮೇಲೆಯೇ ಇವೆ. ಸಂಖ್ಯೆಯನ್ನು ಒತ್ತಿದರೆ ಕರೆ ಹೋಗುತ್ತದೆ.

ಗಿರಣಿಯಿಂದ ಹೊರಡುವಾಗ ಆ ತಂಬಿಗೆಯ ಹೆಂಗಸು ನನ್ನನ್ನು ಮತ್ತೆ ಕರೆದರು. "ಇಷ್ಟೆಲ್ಲ ಬರೆದಿದ್ದೀರಿ, ಈ ಪೊಟ್ಟಣ ಎಲ್ಲಿ ಸಿಗುತ್ತದೆ, ಎಷ್ಟು ದುಡ್ಡು ಎಂದು ಬರೆದೇ ಇಲ್ಲವಲ್ಲ?" ನಾನು ಹಾಕಿಕೊಂಡಿದ್ದ ಹದಿನಾರು ಅಂಕಗಳ ಹಾಳೆ ಚೀಲದಲ್ಲಿಯೇ ಇತ್ತು, ಅದರಲ್ಲಿ ಆ ಪ್ರಶ್ನೆ ಇರಲಿಲ್ಲ. ಆಶಾ ಕಾರ್ಯಕರ್ತೆಯ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ ಎಂದು ಹೇಳಿದೆ. ಈಗ ತಯಾರಿಸುವ ವಿಧಾನದ ಮೇಲಿನ ಸಾಲು ಅದೇ. ನಿಮ್ಮ ಮೊದಲ ಪುಟ ಸಿದ್ಧವಾದಾಗ ಕೊಂಡಿ ಕಳಿಸಿ, ಗಿರಣಿಗೆ ಹೋಗಿಬರುತ್ತೇನೆ.